ಕಾರವಾರದಲ್ಲಿ ಕೂತು ಅಮೆರಿಕದ ಒಂದು ರೆಜಿಮೆಂಟಿನ ಬೆನ್ನು ಹತ್ತುವುದು ಹೇಗೆ

ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ. ಆದರೂ ನೂರೈವತ್ತು ವರ್ಷದ ಹಿಂದೆ ಮುಂಬೈ ಮತ್ತು ಲಿವರ್‌ಪೂಲ್ ಪೇಟೆಯಲ್ಲಿ 'ಕುಮಟಾ ಹತ್ತಿ' ಅಂತಲೇ ಒಂದು ಮಾಲು ಇತ್ತು. ಬೆಳೆದದ್ದು ಧಾರವಾಡ ಕಡೆಯ ಕರಿಮಣ್ಣಿನಲ್ಲಿ. ಘಟ್ಟ ಇಳಿದು ಬಂದು ನಮ್ಮ ಬಂದರಿನಲ್ಲಿ ಹಡಗು ಹತ್ತುತ್ತಿತ್ತು, ಹಾಗಾಗಿ ಹೆಸರು ನಮ್ಮದಾಯಿತು. ನಾನು ಇದನ್ನು ಓದುತ್ತಾ ಹೋದ ಹಾಗೆ ಒಂದು ವಿಷಯ ಮತ್ತೆ ಮತ್ತೆ ಅಡ್ಡ ಬರುತ್ತಿತ್ತು: ಅಮೆರಿಕದ ಅಂತರ್ಯುದ್ಧ. 1861ರಲ್ಲಿ ಗುಲಾಮಗಿರಿ ಬಿಡಲು ತಯಾರಿಲ್ಲದ ದಕ್ಷಿಣದ ರಾಜ್ಯಗಳು ಬೇರೆಯಾದವು, ಏಪ್ರಿಲ್‌ನಲ್ಲೇ ಅಮೆರಿಕದ ಅಧ್ಯಕ್ಷ ಲಿಂಕನ್ ಆ ರಾಜ್ಯಗಳ ಬಂದರುಗಳಿಗೆ ದಿಗ್ಬಂಧನ ಹಾಕಿದರು, ಇಂಗ್ಲೆಂಡಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಲ್ಲಿಂದಲೇ ಬರುತ್ತಿದ್ದದ್ದು ನಿಂತುಹೋಯಿತು. ಆಗ ಗಿರಣಿಯವರ ಕಣ್ಣು ನಮ್ಮ ಕಡೆ ತಿರುಗಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರ ಜಿಲ್ಲಾ ಕೇಂದ್ರವಾಯಿತು. ಬೈತಖೋಲದಲ್ಲಿ ದೊಡ್ಡ ಬಂದರು ಮಾಡಬೇಕು, ಧಾರವಾಡದ ಹತ್ತಿ ಇಲ್ಲಿಂದಲೇ ಹೋಗಬೇಕು ಅನ್ನುವ ಮಾತು ಜೋರಾಯಿತು.

ಸರಿ, ಹಾಗಾದರೆ ಆ ಯುದ್ಧವನ್ನೇ ಓದೋಣ ಅಂತ ಕೂತೆ. ಎರಡು ಸಲ ಕೂತೆ, ಎರಡು ಸಲವೂ ಅರ್ಧಕ್ಕೆ ಬಿಟ್ಟೆ. ಒಂದೇ ಹೆಸರಿನ ಜನರಲ್‌ಗಳು ಎರಡೂ ಕಡೆ, ಬಾಣದ ಗುರುತು ತುಂಬಿದ ನಕ್ಷೆಗಳು, ಹತ್ತು ಸಾವಿರ ಸತ್ತರು ಇಪ್ಪತ್ತು ಸಾವಿರ ಗಾಯಗೊಂಡರು ಅನ್ನುವ ಲೆಕ್ಕ. ತಲೆಗೆ ಏನೂ ಹತ್ತಲಿಲ್ಲ. ಮೂರನೇ ಸಲ ಬೇರೆ ದಾರಿ ಹಿಡಿದೆ. ಯುದ್ಧ ಬಿಟ್ಟು ಒಂದೇ ಒಂದು ವಾಲಂಟಿಯರ್ ಕಾಲಾಳು ರೆಜಿಮೆಂಟ್ ಹಿಡಿದುಕೊಂಡೆ, ಅದು ಹುಟ್ಟಿದ ದಿನದಿಂದ ಮನೆಗೆ ಹೋದ ದಿನದ ತನಕ ಅದರ ಹಿಂದೆಯೇ ನಡೆದೆ. ಅದು ಕೂತಿತು. ನಿಮಗೂ ಬೇಕಾದರೆ ಹೀಗೆ ಮಾಡಿ.

ಮೊದಲ ಕೆಲಸ ರೆಜಿಮೆಂಟ್ ಆರಿಸುವುದು. ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಎರಡು ನೋಡಿದರೆ ಸಾಕು. ಒಂದು, ಅದು 3 ವರ್ಷದ ಕರಾರಿನ ರೆಜಿಮೆಂಟ್ ಆಗಿರಲಿ. ಯುದ್ಧದ ಶುರುವಿನಲ್ಲಿ ಲಿಂಕನ್ 75,000 ಜನರನ್ನು ಕರೆದದ್ದು ಬರೀ 90 ದಿನಕ್ಕೆ. ಅಷ್ಟರಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದರು ಪಾಪ. ಆ 90 ದಿನದ ರೆಜಿಮೆಂಟ್ ಹಿಡಿದರೆ ನಿಮ್ಮ ಪುಸ್ತಕ ನಾಲ್ಕು ಪುಟಕ್ಕೆ ಮುಗಿಯುತ್ತದೆ. ಎರಡು, ಅದರಲ್ಲಿದ್ದವರು ಪತ್ರ, ಡೈರಿ, ನೆನಪು ಬರೆದಿಟ್ಟಿರಬೇಕು. ಕರಿಯ ಸೈನಿಕರ 54ನೇ ಮ್ಯಾಸಚೂಸೆಟ್ಸ್ ಒಳ್ಳೆಯ ಆಯ್ಕೆ. ಬಿಳಿಯರಿಗೆ ತಿಂಗಳಿಗೆ 13 ಡಾಲರ್, ಇವರಿಗೆ 10, ಅದರಲ್ಲೂ ಬಟ್ಟೆಗೆ ಅಂತ 3 ಕಡಿತ. ಹಾಗಾದರೆ ಸಂಬಳವೇ ಬೇಡ ಅಂತ ತಿಂಗಳುಗಟ್ಟಲೆ ಬಿಡಿಗಾಸು ಮುಟ್ಟದೆ ಹೋರಾಡಿದವರು ಅವರು. ನಾನು ಹಿಡಿದದ್ದು ಮಾತ್ರ 20ನೇ ಮೇನ್. ಕಾರಣ ದೊಡ್ಡದಲ್ಲ. ಮೇನ್ ಅನ್ನುವುದು ಒಂದು ಬದಿ ಸಮುದ್ರ, ಇನ್ನೊಂದು ಬದಿ ಕಾಡು ಇರುವ ರಾಜ್ಯ. ಮೀನು ಹಿಡಿಯುವವರು, ಮರ ಕಡಿಯುವವರು, ಹಡಗು ಕಟ್ಟುವವರು. ಚಳಿ ಒಂದು ತೆಗೆದರೆ ನಮ್ಮದೇ ಜಿಲ್ಲೆ.

ಆಮೇಲೆ ಹೆಸರನ್ನು ಬಿಡಿಸಿ ಓದಿ. ಹೊಸಬರು ಎಡವುವುದೇ ಇಲ್ಲಿ. '20ನೇ ಮೇನ್ ವಾಲಂಟಿಯರ್ ಇನ್‌ಫೆಂಟ್ರಿ' ಅಂದರೆ ಮೇನ್ ರಾಜ್ಯ ಎಬ್ಬಿಸಿದ 20ನೇ ಕಾಲಾಳು ರೆಜಿಮೆಂಟ್, ಅಷ್ಟೇ. ಸಂಖ್ಯೆ ರಾಜ್ಯದ್ದು, ದೇಶದ್ದಲ್ಲ. 20ನೇ ಮ್ಯಾಸಚೂಸೆಟ್ಸ್ ಬೇರೆ ಇದೆ, ದಕ್ಷಿಣದ ಕಡೆಯೂ 20ನೇ ನಂಬರಿನವು ಇವೆ. ನಾನು ಒಂದು ವಾರ ರಾತ್ರಿ ಕೂತು ಮೂರು ಪುಟ ಬರೆದು, ಕೊನೆಗೆ ನೋಡಿದರೆ ಅದರಲ್ಲಿ ಅರ್ಧ ಮ್ಯಾಸಚೂಸೆಟ್ಸಿನವರ ಕಥೆ. ಹಾಗಾಗಿ ಟಿಪ್ಪಣಿ ಮಾಡುವಾಗ ಪ್ರತಿ ಸಾಲಿಗೂ ರಾಜ್ಯದ ಹೆಸರು ಬರೆಯಿರಿ, ಬೇಜಾರಾದರೂ ಬರೆಯಿರಿ.

ಇನ್ನೊಂದು ಗೊಂದಲ ನಮ್ಮವರಿಗೇ ಬರುವಂಥದ್ದು. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ನೋಡಿ ಬೆಳೆದ ನಮಗೆ ರೆಜಿಮೆಂಟ್ ಅಂದರೆ ಹತ್ತಾರು ಬೆಟಾಲಿಯನ್‌ಗಳ ದೊಡ್ಡ ಮನೆತನ ಇದ್ದ ಹಾಗೆ. 1861ರ ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಒಂದು ರೆಜಿಮೆಂಟ್ ಅಂದರೆ ನಮ್ಮ ಒಂದು ಬೆಟಾಲಿಯನ್ನಿನಷ್ಟು, ಹೆಚ್ಚೆಂದರೆ ಸಾವಿರ ಜನ. ಹತ್ತು ಕಂಪನಿ, ಕಂಪನಿಗೆ ಸುಮಾರು ನೂರು ಜನ, ಹೆಸರು ಎ ಇಂದ ಕೆ ತನಕ. ಎಣಿಸಿದರೆ ಹನ್ನೊಂದು ಆಗುತ್ತದಲ್ಲ ಅಂತ ನೀವು ಕೇಳುತ್ತೀರಿ. ಜೆ ಕಂಪನಿ ಇಲ್ಲ, ಕೈಬರಹದಲ್ಲಿ ಐ ಮತ್ತು ಜೆ ಒಂದೇ ಥರ ಕಾಣುತ್ತದೆ ಅಂತ ಬಿಟ್ಟರು. ಯಾರಾದರೂ 'ನಮ್ಮ ಮುತ್ತಜ್ಜ ಜೆ ಕಂಪನಿಯಲ್ಲಿದ್ದ' ಅಂತ ಬರೆದಿದ್ದರೆ ಸ್ವಲ್ಪ ಅನುಮಾನದಿಂದಲೇ ನೋಡಿ.

ಮೇಲಿನ ಏಣಿಯೂ ಗೊತ್ತಿರಲಿ: ನಾಲ್ಕೈದು ರೆಜಿಮೆಂಟ್ ಸೇರಿ ಬ್ರಿಗೇಡ್, ಬ್ರಿಗೇಡ್‌ಗಳು ಸೇರಿ ಡಿವಿಷನ್, ಆಮೇಲೆ ಕೋರ್, ಕೊನೆಗೆ ಆರ್ಮಿ. 20ನೇ ಮೇನ್ ಇದ್ದದ್ದು ಉತ್ತರದ, ಅಂದರೆ ಲಿಂಕನ್ ಕಡೆಯ, ಪೊಟೋಮ್ಯಾಕ್ ಆರ್ಮಿಯ 5ನೇ ಕೋರ್, 1ನೇ ಡಿವಿಷನ್, 3ನೇ ಬ್ರಿಗೇಡ್. ಇದನ್ನು ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ ದೊಡ್ಡದಾಗಿ ಬರೆದಿಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ನೋಟ್‌ಬುಕ್ ಅಂದೆನಲ್ಲ. ಫೋನಿನಲ್ಲಿ ಬೇಡ, ಅಂಗಡಿಯವರು ಉದ್ರಿ ಬರೆಯುವ ಉದ್ದನೆಯ ಪುಸ್ತಕ ತನ್ನಿ. ಎಡಪುಟ ರೆಜಿಮೆಂಟಿಗೆ, ಬಲಪುಟ ನಮ್ಮ ಕಡೆಗೆ. ಎಡಪುಟದಲ್ಲಿ ನಾಲ್ಕು ಗೀಟು: ತಾರೀಕು, ಜಾಗ, ಹೇಗೆ ಬಂದರು, ಎಷ್ಟು ಜನ ಉಳಿದಿದ್ದಾರೆ. ನಾಲ್ಕನೆಯದೇ ಮುಖ್ಯ. ನಮ್ಮಲ್ಲಿ ಉದ್ಯೋಗ ಖಾತ್ರಿ ಕೆಲಸದಲ್ಲಿ ಎನ್‌ಎಂಆರ್ ತೆಗೆಯುತ್ತಾರಲ್ವಾ, ಯಾರು ಬಂದರು ಯಾರು ಬರಲಿಲ್ಲ ಅಂತ? ಅದರಲ್ಲಿ ಎಂ ಅಂದರೆ ಮಸ್ಟರ್, ಇಲ್ಲಿನದೂ ಅದೇ ಮಸ್ಟರ್. ಎರಡು ತಿಂಗಳಿಗೊಮ್ಮೆ ಪ್ರತಿ ಕಂಪನಿಯನ್ನೂ ಸಾಲಾಗಿ ನಿಲ್ಲಿಸಿ ಹೆಸರು ಕೂಗಿ, ಹಾಜರು, ಗೈರು, ಆಸ್ಪತ್ರೆ, ಓಡಿಹೋದ, ಸತ್ತ ಅಂತ ಬರೆಯುತ್ತಿದ್ದರು. ಸಂಬಳ ಅದರ ಮೇಲೆಯೇ. ರೆಜಿಮೆಂಟಿನ ನಿಜವಾದ ಕಥೆ ಇರುವುದು ಈ ಹಾಜರಿಯಲ್ಲಿ, ತುತ್ತೂರಿ ಊದಿದ ದಿನಗಳಲ್ಲಿ ಅಲ್ಲ. ನನಗೆ ಇದು ಅರ್ಥವಾಗಲು ಅರ್ಧ ನೋಟ್‌ಬುಕ್ ಖರ್ಚಾಯಿತು.

ಮಾಹಿತಿ ಎಲ್ಲಿ ಸಿಗುತ್ತದೆ? ಮುಕ್ಕಾಲು ಪಾಲು ಪುಕ್ಕಟೆ, ಮನೆಯಲ್ಲೇ ಕೂತು. ಮೊದಲು ಡೈಯರ್ ಅವರ ಕಂಪೆಂಡಿಯಂ ನೋಡಿ, 1908ರಲ್ಲಿ ಬಂದದ್ದು. ಆ ಮನುಷ್ಯ ತಾನೂ ಆ ಯುದ್ಧದಲ್ಲಿದ್ದವರು. ಉತ್ತರದ ಪ್ರತಿ ರೆಜಿಮೆಂಟ್ ಎಲ್ಲಿ ಹುಟ್ಟಿತು, ಯಾವ ಬ್ರಿಗೇಡಿಗೆ ಸೇರಿತು, ಎಲ್ಲೆಲ್ಲಿ ಹೋಯಿತು, ಎಷ್ಟು ಸತ್ತರು ಅಂತ ಒಂದೊಂದು ಪ್ಯಾರಾದಲ್ಲಿ ಕೊಟ್ಟಿದ್ದಾರೆ. ಅಮೆರಿಕದ ನ್ಯಾಷನಲ್ ಪಾರ್ಕ್ ಸರ್ವಿಸಿನ ಸೈನಿಕರ ಪಟ್ಟಿಯಲ್ಲೂ ರೆಜಿಮೆಂಟಿನ ಹೆಸರು ಹಾಕಿದರೆ ಇಂಥದೇ ಚಿಕ್ಕ ಚರಿತ್ರೆ ಬರುತ್ತದೆ, ಜೊತೆಗೆ ಸೈನಿಕರ ಹೆಸರುಗಳೂ. ಇದನ್ನು ಎಡಪುಟಕ್ಕೆ ಇಳಿಸಿಕೊಳ್ಳಿ, ಅಸ್ಥಿಪಂಜರ ಸಿದ್ಧ.

ಮಾಂಸ ಬೇಕಾದರೆ ಆಫಿಷಿಯಲ್ ರೆಕಾರ್ಡ್ಸ್. 1880ರಿಂದ 1901ರ ತನಕ ಅಮೆರಿಕ ಸರ್ಕಾರ ಅಚ್ಚು ಹಾಕಿಸಿದ ಎರಡೂ ಕಡೆಯ ವರದಿ, ಪತ್ರ, ಆದೇಶಗಳು, ಒಟ್ಟು 128 ಪುಸ್ತಕ. ಹೆದರಬೇಡಿ, ಯಾರೂ ಪೂರ್ತಿ ಓದುವುದಿಲ್ಲ. ಗೆಟಿಸ್‌ಬರ್ಗ್ ಕದನ ಬೇಕಾದರೆ 27ನೇ ಸಂಪುಟದ 1ನೇ ಭಾಗ ತೆಗೆಯಿರಿ, ಉತ್ತರದವರ ವರದಿಗಳು ಅದರಲ್ಲಿವೆ. ವರದಿಗಳನ್ನು ಜೋಡಿಸಿರುವುದು ಕೋರ್, ಡಿವಿಷನ್, ಬ್ರಿಗೇಡ್ ಪ್ರಕಾರ. ಒಳರಟ್ಟಿನ ಮೇಲೆ ಬರೆದಿಟ್ಟದ್ದು ಈಗ ಉಪಯೋಗಕ್ಕೆ ಬಂತಾ? ಅದಿಲ್ಲದೆ ಹುಡುಕಿದರೆ ಸಂತೆಯಲ್ಲಿ ಮಗು ಕಳೆದುಕೊಂಡವರ ಹಾಗೆ ಆಗುತ್ತದೆ.

ಹುಡುಕುವಾಗ ಇದೊಂದು ನೆನಪಿರಲಿ, ಒಂದೇ ಕದನಕ್ಕೆ ಎರಡು ಹೆಸರು ಇರುತ್ತದೆ. ಉತ್ತರದವರು ಸಾಮಾನ್ಯವಾಗಿ ಹಳ್ಳ ಹೊಳೆಯ ಹೆಸರು ಇಡುತ್ತಿದ್ದರು, ದಕ್ಷಿಣದವರು ಹತ್ತಿರದ ಊರಿನ ಹೆಸರು. ಆಂಟೀಟಮ್ ಮತ್ತು ಶಾರ್ಪ್ಸ್‌ಬರ್ಗ್ ಒಂದೇ. ಬುಲ್ ರನ್ ಮತ್ತು ಮನಾಸಸ್ ಒಂದೇ. ಸದಾಶಿವಗಡ, ಚಿತ್ತಾಕುಲ ಅಂತ ಎರಡೂ ಹೇಳಿ ಅಭ್ಯಾಸ ಇರುವ ನಮಗೆ ಇದೇನು ಕಷ್ಟ ಅಲ್ಲ.

ಈಗ ನಡಿಗೆ. ನಕ್ಷೆಯಲ್ಲಿ ಎರಡು ಚುಕ್ಕೆ ಇಟ್ಟು ಗೆರೆ ಎಳೆದರೆ ಏನೂ ಗೊತ್ತಾಗುವುದಿಲ್ಲ. ನಿಮ್ಮ ಕಾಲಿಗೆ ಗೊತ್ತಿರುವ ದಾರಿಗೆ ತಂದುಕೊಳ್ಳಿ. ಜೋರು ನಡಿಗೆಯ ದಿನ ಅವರು 20 ಮೈಲಿ ಹೋಗುತ್ತಿದ್ದರು, ಅಂದರೆ 32 ಕಿಲೋಮೀಟರ್, ಹೆಚ್ಚುಕಡಿಮೆ ಕಾರವಾರದಿಂದ ಅಂಕೋಲಾ. ಬೆನ್ನ ಮೇಲೆ ಬಂದೂಕು, 40 ಗುಂಡು, ಕಂಬಳಿ, ನೀರು, ಕಲ್ಲಿನಂಥ ಬಿಸ್ಕೀಟು, ಎಲ್ಲ ಸೇರಿ ಸುಮಾರು 20 ಕಿಲೋ. ಮೈಮೇಲೆ ಉಣ್ಣೆಯ ಕೋಟು, ತಿಂಗಳು ಜೂನ್. ರೇಷನ್ ಅಂಗಡಿಯಿಂದ 20 ಕಿಲೋ ಅಕ್ಕಿ ಹೊತ್ತುಕೊಂಡು ಬೇಸಿಗೆಯಲ್ಲಿ ಬೆಳಿಗ್ಗೆ ಕಾರವಾರ ಬಿಟ್ಟು ಸಂಜೆ ಅಂಕೋಲಾ ಬಸ್ ಸ್ಟ್ಯಾಂಡ್ ಮುಟ್ಟುವುದನ್ನು ಯೋಚನೆ ಮಾಡಿ, ಮರುದಿನ ಎದ್ದು ಗೋಕರ್ಣದ ಆಚೆ. ನಾನು ಒಮ್ಮೆ ಚೀಲದಲ್ಲಿ 10 ಕಿಲೋ ಹಾಕಿಕೊಂಡು ಬಿಣಗಾ ಘಟ್ಟ ಹತ್ತಿ ನೋಡಿದೆ. ಇಳಿಯುವಾಗ ರಿಕ್ಷಾ ಹಿಡಿದೆ, ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ.

ಇಷ್ಟು ಆದ ಮೇಲೆ ನಾಲ್ಕನೇ ಗೀಟಿನ ಲೆಕ್ಕಕ್ಕೆ ಬನ್ನಿ. ನನ್ನ ಪುಸ್ತಕದಿಂದಲೇ ತೋರಿಸುತ್ತೇನೆ.

1862ರ ಆಗಸ್ಟ್ ಕೊನೆಯಲ್ಲಿ ಪೋರ್ಟ್‌ಲ್ಯಾಂಡಿನ ಹತ್ತಿರ 20ನೇ ಮೇನ್ ಸೇನೆಗೆ ಸೇರಿದಾಗ ಸುಮಾರು 979 ಜನ. ಕರ್ನಲ್ ಆಗಿ ಬಂದವರು ಅಡೆಲ್ಬರ್ಟ್ ಏಮ್ಸ್, ಕಟ್ಟುನಿಟ್ಟಿನ ಸೇನೆಯ ಮನುಷ್ಯ. ಅವರ ಕೈಕೆಳಗೆ ಬೌಡಿನ್ ಕಾಲೇಜಿನ ಮೇಷ್ಟ್ರು ಜೋಶುವಾ ಚೇಂಬರ್ಲೇನ್. ಮುಂದೆ 1863ರ ಜುಲೈ 2ರಂದು ಗೆಟಿಸ್‌ಬರ್ಗಿನಲ್ಲಿ ಲಿಟಲ್ ರೌಂಡ್ ಟಾಪ್ ಗುಡ್ಡ ಹತ್ತಿದಾಗ 28 ಅಧಿಕಾರಿಗಳು, 358 ಸೈನಿಕರು, ಒಟ್ಟು 386. ಹತ್ತು ತಿಂಗಳಲ್ಲಿ ಸುಮಾರು 600 ಜನ ಎಲ್ಲಿ ಹೋದರು? ಕದನದಲ್ಲಿ ಸತ್ತರು ಅಂತ ನೀವು ಅಂದುಕೊಳ್ಳುತ್ತೀರಿ, ನಾನೂ ಅಂದುಕೊಂಡಿದ್ದೆ. ಎಡಪುಟ ನೋಡಿದರೆ ಹಾಗಿಲ್ಲ. ಆಂಟೀಟಮ್ ದಿನ, 1862ರ ಸೆಪ್ಟೆಂಬರ್ 17ರಂದು, ಅವರು ಮೀಸಲು ಪಡೆಯಲ್ಲಿ ನಿಂತು ನೋಡಿದ್ದಷ್ಟೇ. ಡಿಸೆಂಬರ್ 13ರಂದು ಫ್ರೆಡರಿಕ್ಸ್‌ಬರ್ಗಿನಲ್ಲಿ ನಿಜವಾದ ಹೊಡೆತ ತಿಂದರು, ರಾತ್ರಿಯಿಡೀ ಹೆಣಗಳ ಮರೆಯಲ್ಲಿ ಮಲಗಿದ್ದರು, ಆದರೂ ಸತ್ತವರು ಮತ್ತು ಗಾಯಾಳುಗಳು ಸೇರಿ ನಲವತ್ತರ ಒಳಗೆ. ಹಾಗಾದರೆ ಉಳಿದವರು?

ಜ್ವರ, ಆಮಶಂಕೆ, ಟೈಫಾಯ್ಡ್. ಹಳ್ಳಿಯಿಂದ ಬಂದ ಸಾವಿರ ಹುಡುಗರನ್ನು ಒಂದೇ ಕಡೆ ಡೇರೆಯಲ್ಲಿ ಹಾಕಿ, ಅದೇ ಹಳ್ಳದ ನೀರು ಕುಡಿಸಿದರೆ ಏನಾಗುತ್ತದೋ ಅದು. ಕೆಲವರು ಸತ್ತರು, ಕೆಲವರನ್ನು ಕೈಲಾಗದವರು ಅಂತ ಮನೆಗೆ ಕಳಿಸಿದರು, ಕೆಲವರು ಆಸ್ಪತ್ರೆಯಲ್ಲಿ, ಕೆಲವರು ಓಡಿಹೋದರು, ಕೆಲವರು ಗಾಡಿ ಹೊಡೆಯುವ, ಅಡುಗೆ ಮಾಡುವ ಬೇರೆ ಕೆಲಸಕ್ಕೆ ಹೋದರು. 1863ರ ಜನವರಿ 20ರಿಂದ 24ರ ತನಕ 'ಮಡ್ ಮಾರ್ಚ್' ಅಂತ ಒಂದು ಇದೆ, ಇಡೀ ಸೇನೆ ಮಳೆಯಲ್ಲಿ ಹೊರಟು, ತೋಪಿನ ಗಾಡಿಗಳು ಅಚ್ಚಿನ ತನಕ ಹೂತು, ಏನೂ ಮಾಡದೆ ವಾಪಸು ಬಂದದ್ದು. ಶತ್ರುವೇ ಇಲ್ಲದ ಸೋಲು. ಚಕ್ಕಡಿಯಲ್ಲಿ ಹತ್ತಿ ಅಂಡಿಗೆ ಹೇರಿಕೊಂಡು ದೇವಿಮನೆ ಘಟ್ಟ ಇಳಿಯುತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತಿರಲಿಲ್ಲ.

ಮೇ ತಿಂಗಳದು ಇನ್ನೂ ವಿಚಿತ್ರ. ಚಾನ್ಸಲರ್ಸ್‌ವಿಲ್ ದೊಡ್ಡ ಕದನ, 5ನೇ ಕೋರ್ ಅಲ್ಲಿತ್ತು. ಆದರೆ 20ನೇ ಮೇನಿನವರಿಗೆ ಸಿಡುಬಿನ ಲಸಿಕೆ ಹಾಕಿಸಿದ್ದರು, ಲಸಿಕೆಯೇ ಕೆಟ್ಟದ್ದು, ಅದರಿಂದಲೇ ಸಿಡುಬು ಎದ್ದಿತು. ಇಡೀ ರೆಜಿಮೆಂಟನ್ನು ಬೇರೆ ಇಟ್ಟರು. ಕದನದ ದಿನ ಇವರು ಕಾದದ್ದು ಟೆಲಿಗ್ರಾಫ್ ತಂತಿ. ಪಾಠ ಏನೆಂದರೆ, ಕೋರ್ ಅಥವಾ ಬ್ರಿಗೇಡ್ ಹೋದ ಕಡೆಯೆಲ್ಲ ನಿಮ್ಮ ರೆಜಿಮೆಂಟ್ ಗುಂಡು ಹಾರಿಸಿತು ಅಂತ ಬರೆಯಬೇಡಿ. ಆ ದಿನ ಅವರು ನಿಂತ ಜಾಗ ಯಾವುದು ಅಂತ ವರದಿಯಲ್ಲೋ ಪತ್ರದಲ್ಲೋ ನೋಡದೆ ಗೀಟು ತುಂಬಬೇಡಿ.

ಇಲ್ಲಿಗೆ ಮುಗಿಯಲಿಲ್ಲ ಮಾರಾಯ್ರೆ. ಆ 386ರಲ್ಲಿ ಎಲ್ಲರೂ ಹಳಬರಲ್ಲ. ಅದೇ ಮೇ ತಿಂಗಳಲ್ಲಿ 2ನೇ ಮೇನ್ ರೆಜಿಮೆಂಟಿನ 120 ಜನರನ್ನು ಕೈದಿಗಳ ಹಾಗೆ ಕಾವಲಿನಲ್ಲಿ ತಂದು ಇವರಿಗೆ ಒಪ್ಪಿಸಿದರು. ಆ ರೆಜಿಮೆಂಟಿನ ಹೆಚ್ಚಿನವರದು 2 ವರ್ಷದ ಕರಾರು, ಮುಗಿಯಿತು, ಮನೆಗೆ ಹೋದರು. ಈ 120 ಜನ ಮಾತ್ರ 3 ವರ್ಷದ ಕಾಗದಕ್ಕೆ ಸಹಿ ಹಾಕಿದ್ದರು, ನಾವೂ ಅವರ ಜೊತೆಗೇ ಬಿಡುಗಡೆ ಅಂತ ನಂಬಿಕೊಂಡು. ಬಿಡಲಿಲ್ಲ ಅಂದಾಗ ಬಂದೂಕು ಹಿಡಿಯಲು ಒಪ್ಪಲಿಲ್ಲ. ಚೇಂಬರ್ಲೇನ್ ಆಗಷ್ಟೇ ರೆಜಿಮೆಂಟಿನ ಮುಖ್ಯಸ್ಥರಾಗುತ್ತಿದ್ದರು. ಕಾವಲು ತೆಗೆಸಿದರು, ಊಟ ಹಾಕಿಸಿದರು, ನಿಮ್ಮ ದೂರು ಮೇಲಿನವರಿಗೆ ಬರೆಯುತ್ತೇನೆ ಅಂದರು. ಕೆಲವರನ್ನು ಬಿಟ್ಟರೆ ಎಲ್ಲರೂ ಸಾಲಿಗೆ ಬಂದರು. ಈಗ ಕಳೆಯಿರಿ: 386ರಲ್ಲಿ ಇವರನ್ನು ತೆಗೆದರೆ ಪೋರ್ಟ್‌ಲ್ಯಾಂಡಿನಿಂದ ಹೊರಟ ಹಳಬರು 270ರ ಆಸುಪಾಸು. ನಾಲ್ಕರಲ್ಲಿ ಒಂದು ಪಾಲು ಸ್ವಲ್ಪ ಮೇಲೆ. ಈ ಕಳೆಯುವ ಲೆಕ್ಕವನ್ನು ನೀವೇ ಮಾಡಬೇಕು. ಬೇರೆಯವರು ಮಾಡಿದ್ದನ್ನು ಓದಿದರೆ ಅಷ್ಟು ನಾಟುವುದಿಲ್ಲ.

ಕದನದ ದಿನವನ್ನು ಓದುವ ಕ್ರಮ ಸ್ವಲ್ಪ ಬೇರೆ. ಲಿಟಲ್ ರೌಂಡ್ ಟಾಪಿನಲ್ಲಿ ಇವರು ಇಡೀ ಸೇನೆಯ ಎಡತುದಿ. ಇವರ ಆಚೆ ಯಾರೂ ಇಲ್ಲ. ಕೆಳಗಿನಿಂದ 15ನೇ ಅಲಬಾಮಾದವರು ಮೇಲೆ ಮೇಲೆ ಬರುತ್ತಿದ್ದರು, ಗುಂಡು ಮುಗಿಯುತ್ತಾ ಬಂತು, ಕೊನೆಗೆ ಬಯೋನೆಟ್ ಹಿಡಿದು ಇಳಿಜಾರಿನಲ್ಲಿ ನುಗ್ಗಿದರು. ಚೇಂಬರ್ಲೇನ್ ಇದರಿಂದ ಹೆಸರಾದರು, 1893ರಲ್ಲಿ ಅಮೆರಿಕದ ಅತಿ ದೊಡ್ಡ ಶೌರ್ಯ ಪದಕ ಮೆಡಲ್ ಆಫ್ ಆನರ್ ಕೂಡ ಬಂತು. 30 ವರ್ಷ ಆದ ಮೇಲೆ, ಗಮನಿಸಿ. ಇಂಥ ದಿನಕ್ಕೆ ಒಬ್ಬರ ಮಾತು ಸಾಲದು. ಅದೇ ರೆಜಿಮೆಂಟಿನ ಎಲಿಸ್ ಸ್ಪಿಯರ್ ವಯಸ್ಸಾದ ಮೇಲೆ ಚೇಂಬರ್ಲೇನ್ ಹೇಳಿದ್ದನ್ನೆಲ್ಲ ಒಪ್ಪಲಿಲ್ಲ. ಎದುರಿನ 15ನೇ ಅಲಬಾಮಾದ ಮುಖ್ಯಸ್ಥ ವಿಲಿಯಂ ಓಟ್ಸ್, ನಮ್ಮವರಿಗೂ ಆ ಗುಡ್ಡದಲ್ಲಿ ಕಲ್ಲು ನಿಲ್ಲಿಸಬೇಕು ಅಂತ 1900ರ ನಂತರ ಓಡಾಡಿದರು. ನೀವು ಅಷ್ಟು ಮೇಲೆ ಬಂದೇ ಇರಲಿಲ್ಲ ಅಂತ ಚೇಂಬರ್ಲೇನ್ ತಕರಾರು ತೆಗೆದರು. ಇಬ್ಬರೂ ಮುದುಕರು. ಕಲ್ಲು ಏಳಲೇ ಇಲ್ಲ. ಇಂಥ ಕಡೆ ಎಡಪುಟವನ್ನು ಮೂರು ಗೀಟು ಮಾಡಿ, ಮೂವರ ಮಾತನ್ನೂ ಪಕ್ಕ ಪಕ್ಕ ಬರೆಯಿರಿ. ಯಾರು ಸರಿ ಅಂತ ತೀರ್ಪು ಕೊಡಲು ಆತುರ ಬೇಡ. ಲೆಕ್ಕ ಮಾತ್ರ ಬರೆಯಿರಿ: ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಆ ಒಂದು ಸಂಜೆ 125 ಜನ.

ಕಾರವಾರದ ಬೀಚಿನಲ್ಲಿ ಯುದ್ಧನೌಕೆ ಮ್ಯೂಸಿಯಂ ಹತ್ತಿರ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆ ಇದೆ. ನಮ್ಮ ಚೆಂಡಿಯಾದವರು, ಪರಮವೀರ ಚಕ್ರ. 1948ರ ಏಪ್ರಿಲ್‌ನಲ್ಲಿ ರಜೌರಿ ದಾರಿಯ ಮೈನ್ ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿದವರು. ಅದರ ಎದುರು ನಿಂತಾಗ ನನಗೆ ಅನಿಸುವುದು, ಪ್ರತಿಮೆಯಲ್ಲಿ ನಾಲ್ಕು ದಿನ ಇದೆ, ಅವರ ಉಳಿದ ಸರ್ವಿಸ್ ಯಾವ ಪುಸ್ತಕದಲ್ಲಿದೆ ಅಂತ. ಈ ಅಭ್ಯಾಸ ಕೈಗೆ ಹತ್ತಿದರೆ ನಮ್ಮವರದ್ದನ್ನೂ ಹೀಗೇ ಹುಡುಕಬಹುದು. ಅದು ಇನ್ನೊಂದು ನೋಟ್‌ಬುಕ್.

1864ರ ಪುಟಗಳನ್ನು ಬೇಗ ಬೇಗ ತುಂಬಿದೆ, ನಿಜ ಹೇಳುತ್ತೇನೆ. ವೈಲ್ಡರ್ನೆಸ್, ಸ್ಪಾಟ್ಸಿಲ್ವೇನಿಯಾ, ಕೋಲ್ಡ್ ಹಾರ್ಬರ್, ಆಮೇಲೆ ಪೀಟರ್ಸ್‌ಬರ್ಗಿನ ಕಂದಕಗಳಲ್ಲಿ ತಿಂಗಳುಗಟ್ಟಲೆ. ಓದಲು ಕಷ್ಟ. ದಿನಾ ಅದೇ. 1865ರ ಏಪ್ರಿಲ್ 1ರಂದು ಫೈವ್ ಫೋರ್ಕ್ಸ್, 9ರಂದು ಅಪೊಮ್ಯಾಟೊಕ್ಸಿನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದರು. 12ರಂದು ದಕ್ಷಿಣದ ಸೈನಿಕರು ಬಂದೂಕು ಕೆಳಗಿಡುವಾಗ ಸಾಲಿನ ಮುಂದೆ ನಿಂತಿದ್ದವರು ಅದೇ ಮೇಷ್ಟ್ರು, ಅಷ್ಟೊತ್ತಿಗೆ ಜನರಲ್.

ಕೊನೆಯ ಪುಟದಲ್ಲಿ ಡೈಯರ್ ಲೆಕ್ಕ ಇಳಿಸಿ. ಕದನದಲ್ಲಿ ಸತ್ತವರು ಮತ್ತು ಗಾಯದಿಂದ ಸತ್ತವರು: 9 ಅಧಿಕಾರಿಗಳು, 138 ಸೈನಿಕರು. ಕಾಯಿಲೆಯಿಂದ: 1 ಅಧಿಕಾರಿ, 145 ಸೈನಿಕರು. ಒಟ್ಟು 293. 147ಕ್ಕೆ 146. ಅಷ್ಟು ಹೆಸರಾದ ಕದನ ಮಾಡಿದ ರೆಜಿಮೆಂಟಿನಲ್ಲೂ ಗುಂಡು ಮತ್ತು ಜ್ವರ ಸಮ ಸಮ. ಒಟ್ಟು ಯುದ್ಧದಲ್ಲಿ ಜ್ವರದ ಪಾಲು ಇದಕ್ಕಿಂತ ಜಾಸ್ತಿ.

ಬಲಪುಟವನ್ನು ಖಾಲಿ ಬಿಡಬೇಡಿ, ಮಜಾ ಇರುವುದು ಅಲ್ಲೇ. ನನ್ನದರಲ್ಲಿ 1862ರ ಎದುರು ಜಿಲ್ಲೆ ಮುಂಬೈಗೆ ಸೇರಿದ್ದು, 1864ರ ಎದುರು ದೇವಗಡ ದ್ವೀಪದ ಲೈಟ್‌ಹೌಸ್. 1865ರ ಜುಲೈ ಪುಟಕ್ಕೆ ಬಂದಾಗ ಎಡಗಡೆ ಬರೆದದ್ದು, 20ನೇ ಮೇನ್ ವಿಸರ್ಜನೆ, ಮನೆಗೆ. ಬಲಗಡೆ, ಹತ್ತಿ ದರ ಬಿದ್ದು ಜುಲೈ 1ರಂದು ಮುಂಬೈಯಲ್ಲಿ ವಾಯಿದೆ ವ್ಯಾಪಾರದವರೆಲ್ಲ ದಿವಾಳಿ. ಅದರ ಕೆಳಗೆ ಇನ್ನೊಂದು ಸಾಲು: ಬೈತಖೋಲದಲ್ಲಿ ಮಳೆ, ದೋಣಿ ಬಂದ್. ಇದಕ್ಕೆ ಮಾತ್ರ ನಾನು ಯಾವ ದಾಖಲೆಯನ್ನೂ ಹುಡುಕಲಿಲ್ಲ, ಜುಲೈ ತಿಂಗಳಲ್ಲಿ ಕಾರವಾರದಲ್ಲಿ ಮತ್ತೇನಿರುತ್ತದೆ.